ಶಾಲೆ ಸುಧಾರಿಸಲು ಸಂಶೋಧನೆ ಎಂತಕ್ಕೆ? ಕಾಸರಗೋಡಿನ ಕನ್ನಡ ಶಾಲೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮ ಶಾಲೆಗಳ ಪಿ.ಟಿ.ಎ. (ಹೆತ್ತವರ ಮತ್ತು ಟೀಚರುಗಳ ಸಂಘ) ಸಭೆಗಳಲ್ಲಿ, ಬಿ.ಆರ್.ಸಿ. (ಬ್ಲಾಕ್ ಸಂಪನ್ಮೂಲ ಕೇಂದ್ರ) ತರಬೇತಿಯ ಚಹಾ ಹೊತ್ತಿನಲ್ಲಿ ಎದ್ದುಬರುವ ಪ್ರಶ್ನೆಗಳಿವು. ಕೇಳುವವರು ಹೆಚ್ಚಾಗಿ ಅಪ್ಪ ಅಮ್ಮಂದಿರು, ಟೀಚರುಗಳು, ಪಂಚಾಯತ್ ಮೆಂಬರುಗಳು. ಕೆಲವಕ್ಕೆ ಎರಡು ಮಾತಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಶಾಲೆ ಚೆನ್ನಾಗಿದೆಯಾ ಇಲ್ಲವಾ ಅಂತ ನೋಡಿದರೆ ಗೊತ್ತಾಗುತ್ತದಲ್ವಾ? ಅದಕ್ಕೂ ಸಂಶೋಧನೆ ಬೇಕಾ?

ಕಟ್ಟಡ ಕಾಣುತ್ತದೆ. ಟೈಲ್ಸ್ ಹಾಕಿದ ನೆಲ, ಪ್ರೊಜೆಕ್ಟರ್, ಗೋಡೆಯ ಚಿತ್ರ ಎಲ್ಲ ಕಾಣುತ್ತದೆ. ಐದನೇ ತರಗತಿಯ ಮಗುವಿಗೆ ಎರಡನೇ ತರಗತಿಯ ಕಥೆ ಓದಲು ಬರುತ್ತದಾ ಎಂಬುದು ಮಾತ್ರ ಕಾಣುವುದಿಲ್ಲ. ಪಕ್ಕದಲ್ಲಿ ಕೂರಿಸಿ ಓದಿಸಿದರಷ್ಟೇ ಗೊತ್ತಾಗುತ್ತದೆ.

ಇದನ್ನೇ ದೇಶದ ಮಟ್ಟದಲ್ಲಿ ಮಾಡಿದ್ದು ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ. 2005ರಲ್ಲಿ ಶುರುವಾಯಿತು. ಶಾಲೆಗೆ ಹೋಗುವ ಬದಲು ಮನೆಗೇ ಹೋಗಿ ಮಕ್ಕಳನ್ನು ಓದಿಸಿದರು. ಗ್ರಾಮೀಣ ಭಾರತದ 5ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಶೇ. 50.5. ಕೋವಿಡ್ ಕಳೆದು 2022ರಲ್ಲಿ ನೋಡಿದಾಗ ಶೇ. 42.8. ಅಷ್ಟು ವರ್ಷ ಎಲ್ಲರೂ ‘ಶಾಲೆಗೆ ಸೇರಿದವರ ಸಂಖ್ಯೆ’ ಹೇಳಿ ಖುಷಿಪಡುತ್ತಿದ್ದರು. ಸೇರಿದ ಮೇಲೆ ಎಂತ ಕಲಿತರು ಎಂದು ಕೇಳಿದವರು ಕಡಿಮೆ.

ನಮ್ಮದು ಕೇರಳ. ಎಸ್.ಎಸ್.ಎಲ್.ಸಿ. ರಿಸಲ್ಟ್ ನೋಡಿದರೆ ಸಾಕಲ್ವಾ?

2023ರ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇ. 99.70. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಪಾಸಾಗುವ ಪರೀಕ್ಷೆಯಿಂದ ಒಂದು ಶಾಲೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೇಗೆ ತಿಳಿಯುತ್ತದೆ? ಗೇಟಿನಲ್ಲಿ ಕಟ್ಟುವ ಫ್ಲೆಕ್ಸ್‌ಗೆ ಅದು ಸಾಕು. ಮೂರನೇ ತರಗತಿಯಲ್ಲಿ ಒತ್ತಕ್ಷರ ಬಂದಾಗ ತಡವರಿಸುವ ಮಗುವಿಗೆ ಏನು ಮಾಡಬೇಕು ಎಂಬುದಕ್ಕೆ ಸಾಲದು.

‘ಕಟ್ಟುನಿಟ್ಟಿನ ಸಂಶೋಧನೆ’ ಅಂದರೆ ಎಂತ? ಸರ್ವೆ ಮಾಡುವುದಾ?

ಸರ್ವೆ ಒಂದು ಭಾಗ. ಈಗ ಮಕ್ಕಳು ಎಲ್ಲಿದ್ದಾರೆ ಎಂದು ಅದು ಹೇಳುತ್ತದೆ. ಏನು ಮಾಡಿದರೆ ಮೇಲೆ ಬರುತ್ತಾರೆ ಎಂದು ಹೇಳುವುದಿಲ್ಲ. ಅದಕ್ಕೆ ಹೋಲಿಕೆ ಬೇಕು.

ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಳೆರೋಗಕ್ಕೆ ಹೊಸ ಮದ್ದು ಬಂತು ಅಂತಿಟ್ಟುಕೊಳ್ಳಿ. ಇಡೀ ತೋಟಕ್ಕೆ ಹೊಡೆದಿರಿ. ಆ ವರ್ಷ ಕೊಳೆ ಕಡಿಮೆ. ಮದ್ದಿನಿಂದಲಾ, ಮಳೆಯೇ ಕಡಿಮೆ ಇತ್ತಾ? ಕೆಲವು ಸಾಲು ಹಳೆಯ ಮದ್ದಿನಲ್ಲೇ ಬಿಟ್ಟಿದ್ದರೆ ಹೇಳಬಹುದಿತ್ತು. ನಮ್ಮ ಕಾಸರಗೋಡಿನಲ್ಲೇ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾಯಿತು, ಅದೇ ಈಗಿನ ಸಿ.ಪಿ.ಸಿ.ಆರ್.ಐ. ಅಲ್ಲಿ ತಳಿಯನ್ನೂ ಗೊಬ್ಬರವನ್ನೂ ಪ್ರಯೋಗದ ತಾಕುಗಳಲ್ಲಿ ಹೋಲಿಸಿ ನೋಡದೆ ರೈತರಿಗೆ ಹೇಳುವುದಿಲ್ಲ. ಮರಕ್ಕೆ ಇಷ್ಟು ಜಾಗ್ರತೆ. ಮಕ್ಕಳ ವಿಷಯಕ್ಕೆ ಬಂದರೆ ಒಂದು ಸುತ್ತೋಲೆ, ಒಂದು ಉದ್ಘಾಟನೆ, ಮುಗಿಯಿತು.

ಶಾಲೆಗಳಲ್ಲಿ ಮೋಸಹೋಗುವುದು ಇನ್ನೂ ಸುಲಭ. ಯಾಕೆಂದರೆ ಯಾವ ಮಗುವೂ ಜೂನ್‌ಗಿಂತ ಮಾರ್ಚ್‌ನಲ್ಲಿ ಸ್ವಲ್ಪ ಚೆನ್ನಾಗಿಯೇ ಓದುತ್ತದೆ. ನಡುವೆ ನಡೆದ ಯಾವ ಕಾರ್ಯಕ್ರಮ ಬೇಕಾದರೂ ‘ನಮ್ಮಿಂದಲೇ ಆಯಿತು’ ಎನ್ನಬಹುದು.

ಕೀನ್ಯಾದಲ್ಲಿ ನಡೆದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಪಾಠಕ್ಕೆ ಬಳಸುವ ದೊಡ್ಡ ಚಿತ್ರಪಟಗಳು ಇರುವ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಸುಮ್ನೆ ಹೋಲಿಸಿದಾಗ, ಪಟ ಇರುವ ಕಡೆ ಮಾರ್ಕು ಜಾಸ್ತಿ. ಚೀಟಿ ಎತ್ತಿದ ಹಾಗೆ ಶಾಲೆಗಳನ್ನು ಆರಿಸಿ ಪಟ ಕೊಟ್ಟು ನೋಡಿದಾಗ ವ್ಯತ್ಯಾಸವೇ ಇಲ್ಲ. ಅಂದರೆ ಪಟ ಇಟ್ಟುಕೊಂಡಿದ್ದ ಶಾಲೆಗಳು ಮೊದಲೇ ಚುರುಕಾಗಿದ್ದವು. ಬೆಳಗ್ಗೆ ಬೇಗ ಬರುವ ಹೆಡ್ಮಾಷ್ಟ್ರು, ಆಸಕ್ತಿಯ ಪಿ.ಟಿ.ಎ., ಇವೆಲ್ಲ ಪಟದ ಹೆಸರಿನಲ್ಲಿ ಲೆಕ್ಕಕ್ಕೆ ಬಂದಿದ್ದವು. ಎರಡು ಗುಂಪುಗಳನ್ನು ಚೀಟಿ ಎತ್ತಿ ಮಾಡುವುದು ಈ ಕಾರಣಕ್ಕೆ.

ಚೀಟಿ ಎತ್ತಿ ಕೆಲವು ಮಕ್ಕಳಿಗೆ ಕೊಡುವುದು, ಕೆಲವರಿಗೆ ಬಿಡುವುದು ಅನ್ಯಾಯ ಅಲ್ವಾ?

ತುಂಬ ಸಲ ಕೇಳುವ ಪ್ರಶ್ನೆ, ಕೇಳಬೇಕಾದದ್ದೂ ಹೌದು. ಯಾರಿಗೂ ಕೊಡದೆ ಬಿಡಬೇಕೆಂದಿಲ್ಲ. ಒಳ್ಳೆಯ ದಾರಿಗಳಿವೆ.

ಹಿಂದೆ ಬಿದ್ದ ಮಕ್ಕಳಿಗೆ ಬೇರೆಯಾಗಿ ಹೇಳಿಕೊಡಲು ಊರಿನ ಹುಡುಗಿಯೊಬ್ಬಳನ್ನು ನೇಮಿಸುವ ‘ಬಾಲಸಖಿ’ ಕಾರ್ಯಕ್ರಮವನ್ನು ವಡೋದರಾದಲ್ಲಿ ಪರೀಕ್ಷಿಸಿದಾಗ ಪ್ರತಿ ಶಾಲೆಗೂ ಒಬ್ಬ ಬಾಲಸಖಿ ಸಿಕ್ಕಿದರು. ಅರ್ಧ ಶಾಲೆಗಳಲ್ಲಿ ಮೂರನೇ ತರಗತಿಗೆ, ಉಳಿದ ಅರ್ಧದಲ್ಲಿ ನಾಲ್ಕನೇ ತರಗತಿಗೆ. ಒಂದು ಶಾಲೆಯ ಮೂರನೇಯವರಿಗೆ ಇನ್ನೊಂದು ಶಾಲೆಯ ಮೂರನೇಯವರೇ ಹೋಲಿಕೆ. ಯಾವ ಶಾಲೆಯೂ ಖಾಲಿ ಕೈಯಲ್ಲಿ ಉಳಿಯಲಿಲ್ಲ.

ಇನ್ನೊಂದು ದಾರಿ, ಸರದಿಯಂತೆ ಕೊಡುವುದು. 1998ರಿಂದ ಕೀನ್ಯಾದ 75 ಶಾಲೆಗಳಲ್ಲಿ ಹೊಟ್ಟೆಹುಳದ ಮಾತ್ರೆಯನ್ನು ಮೂರು ಸರದಿಯಲ್ಲಿ ಕೊಟ್ಟರು. ಮೊದಲು ಸಿಕ್ಕಿದ ಶಾಲೆಗಳಲ್ಲಿ ಮಕ್ಕಳ ಗೈರುಹಾಜರಿ ಸುಮಾರು ಕಾಲು ಭಾಗ ಇಳಿಯಿತು ಎಂದು ಲೆಕ್ಕ ಬಂತು. ಮುಂದೆ ಬೇರೆಯವರು ಅದೇ ದತ್ತಾಂಶ ತೆಗೆದುಕೊಂಡು ಮತ್ತೆ ಲೆಕ್ಕ ಹಾಕಿದರು, ದೊಡ್ಡ ಜಗಳವೇ ಆಯಿತು. ಜಗಳ ಆದದ್ದು ನನಗೆ ಒಳ್ಳೆಯದೇ ಅನಿಸುತ್ತದೆ. ಲೆಕ್ಕದ ಪುಸ್ತಕ ತೆರೆದಿಟ್ಟರೆ ಮಾತ್ರ ಜಗಳ ಸಾಧ್ಯ.

ಹೇಗೂ ಹೊಸ ಯೋಜನೆಗಳು ಎಲ್ಲ ಶಾಲೆಗೂ ಒಂದೇ ವರ್ಷ ಬರುವುದಿಲ್ಲ. ಯಾರಿಗೆ ಮೊದಲು ಎಂಬುದು ಈಗ ಪರಿಚಯದಿಂದ, ಒತ್ತಡದಿಂದ ತೀರ್ಮಾನವಾಗುತ್ತದೆ. ಅದಕ್ಕಿಂತ ಚೀಟಿ ಎತ್ತುವುದು ವಾಸಿ ಅಲ್ವಾ?

ಒಳ್ಳೆಯ ಪುಸ್ತಕ ಸಮಯಕ್ಕೆ ಸಿಕ್ಕಿದರೆ ಮಕ್ಕಳು ಕಲಿಯುತ್ತಾರೆ. ಇದಕ್ಕೆ ಪ್ರಯೋಗ ಬೇಕಾ?

ಬೇಕಾಯಿತು. ಉತ್ತರ ಎಲ್ಲರೂ ಅಂದುಕೊಂಡದ್ದಕ್ಕಿಂತ ಬೇರೆಯೇ ಬಂತು. ಕೀನ್ಯಾದ ಹಳ್ಳಿ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿ ನೋಡಿದಾಗ ಸರಾಸರಿ ಮಾರ್ಕು ಏರಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಯಿತು. ಕಾರಣ ಹುಡುಕಿದರೆ, ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ. ಹೆಚ್ಚಿನ ಮಕ್ಕಳಿಗೆ ಅದು ಮೂರನೇ ಭಾಷೆ. ಕೈಯಲ್ಲಿ ಪುಸ್ತಕ ಇತ್ತು, ಓದಲು ಆಗುತ್ತಿರಲಿಲ್ಲ.

ಈ ಅಧ್ಯಯನದ ಲೇಖಕರಲ್ಲಿ ಒಬ್ಬರಾದ ಮೈಕಲ್ ಕ್ರೆಮರ್ ಅವರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕಾಸರಗೋಡಿನವರು ಈ ಒಂದು ಅಧ್ಯಯನವನ್ನಾದರೂ ತಿಳಿದಿರಬೇಕು ಎಂದು ನನ್ನ ಅಭಿಪ್ರಾಯ. ನಮ್ಮ ಒಂದನೇ ತರಗತಿಯ ಬೆಂಚಿನಲ್ಲಿ ಯಾರ್‍ಯಾರು ಕೂತಿದ್ದಾರೆ ನೋಡಿ. ಮನೆಯಲ್ಲಿ ತುಳು ಮಾತಾಡುವವರು, ಮಲಯಾಳ ಮಾತಾಡುವವರು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ. ಪುಸ್ತಕದ ಕನ್ನಡ ಇವರಲ್ಲಿ ಎಷ್ಟು ಮಂದಿಗೆ ಮನೆಮಾತು? ಅದರ ಮೇಲೆ ಮಲಯಾಳ, ಇಂಗ್ಲಿಷ್, ಹಿಂದಿ. ಜೂನ್‌ನಲ್ಲಿ ಕನ್ನಡ ಪುಸ್ತಕ ಬರಲಿಲ್ಲ ಎಂದು ನಾವು ಗಲಾಟೆ ಮಾಡುತ್ತೇವೆ, ಮಾಡಲೇಬೇಕು. ಆದರೆ ಪುಸ್ತಕ ಬಂದ ಮೇಲೆ ಅದು ಯಾವ ಮಗುವಿಗೆ ತಲುಪಿತು ಎಂದು ನೋಡುವ ವ್ಯವಸ್ಥೆ ನಮ್ಮಲ್ಲಿಲ್ಲ.

ದುಡ್ಡು ಕೊಟ್ಟರೆ?

ದುಡ್ಡು ಬೇಕು. ಆದರೆ ಆಂಧ್ರದಲ್ಲಿ ಕಂಡ ಒಂದು ವಿಷಯ ಕೇಳಿ. ಶಾಲೆಗಳಿಗೆ ಪುಸ್ತಕ, ಸಾಮಾನು ಕೊಳ್ಳಲು ಅನುದಾನ ಕೊಟ್ಟರು. ಮೊದಲ ವರ್ಷ ಯಾರಿಗೂ ಗೊತ್ತಿರಲಿಲ್ಲ, ಮಕ್ಕಳ ಕಲಿಕೆ ಏರಿತು. ಎರಡನೇ ವರ್ಷ ದುಡ್ಡು ಬರುತ್ತದೆ ಎಂದು ಅಪ್ಪ ಅಮ್ಮನಿಗೆ ಮೊದಲೇ ಗೊತ್ತು. ಅವರು ತಮ್ಮ ಕೈಯಿಂದ ಮಾಡುವ ಖರ್ಚು ಕಡಿಮೆ ಮಾಡಿದರು. ಕಲಿಕೆಯಲ್ಲಿ ಹೆಚ್ಚಳ ಇಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಮನೆಯ ಬಜೆಟ್ ನಡೆಯುವುದೇ ಹಾಗೆ.

ಹಾಗಾದರೆ ನಿಜವಾಗಿ ಕೆಲಸ ಮಾಡಿದ್ದು ಯಾವುದು?

ಭಾರತದಲ್ಲಿ ತುಂಬ ಸಲ ಪರೀಕ್ಷೆಗೆ ಒಳಗಾಗಿ ಗಟ್ಟಿಯಾಗಿ ನಿಂತದ್ದು ಒಂದು ಸರಳ ಉಪಾಯ: ಮಗುವನ್ನು ತರಗತಿಯ ಲೆಕ್ಕದಲ್ಲಿ ಕೂರಿಸದೆ, ಈಗ ಅದಕ್ಕೆ ಎಷ್ಟು ಬರುತ್ತದೋ ಅಲ್ಲಿಂದ ಕಲಿಸುವುದು.

ಬಾಲಸಖಿಯಲ್ಲಿ ಮಾಡಿದ್ದು ಅದನ್ನೇ. ಮುಂಬೈ ಮತ್ತು ವಡೋದರಾದಲ್ಲಿ ಊರಿನದ್ದೇ ಹುಡುಗಿಯರನ್ನು ಕಡಿಮೆ ಸಂಬಳಕ್ಕೆ ನೇಮಿಸಿ, ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಓದು, ಲೆಕ್ಕ ಹೇಳಿಕೊಟ್ಟರು. ಕಲಿಕೆ ಏರಿತು, ಅದರಲ್ಲೂ ತೀರ ಹಿಂದಿದ್ದವರದ್ದು ಜಾಸ್ತಿ. ಕಾರ್ಯಕ್ರಮ ನಿಂತು ಒಂದು ವರ್ಷದ ಮೇಲೆ ನೋಡಿದಾಗ ಲಾಭ ಕರಗಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಬರೆದರು.

ಮುಂದಿನ ಕತೆ ನನಗೆ ಇನ್ನೂ ಇಷ್ಟ. ಅದೇ ಉಪಾಯವನ್ನು ಸರಕಾರಿ ಶಾಲೆಯ ಟೀಚರುಗಳ ಕೈಗೇ ಕೊಟ್ಟಾಗ ಎಡವಿತು. ಬಿಹಾರ, ಉತ್ತರಾಖಂಡದಲ್ಲಿ ಟೀಚರುಗಳಿಗೆ ತರಬೇತಿ ಕೊಟ್ಟರು, ಸಾಮಗ್ರಿ ಕೊಟ್ಟರು. ವರ್ಷಪೂರ್ತಿ ಶಾಲೆಯಲ್ಲಿ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಆದರೆ ಬಿಹಾರದಲ್ಲಿ ಅದೇ ಸರಕಾರಿ ಟೀಚರುಗಳು ಬೇಸಿಗೆ ಶಿಬಿರದಲ್ಲಿ ಕಲಿಸಿದಾಗ ಮಕ್ಕಳು ಕಲಿತರು. ಅಂದರೆ ಟೀಚರಿಗೆ ಬರುವುದಿಲ್ಲ ಎಂದಲ್ಲ. ಶಾಲೆಯ ದಿನಗಳಲ್ಲಿ ಪಾಠ ಮುಗಿಸುವ ಒತ್ತಡವೇ ಅಷ್ಟು, ಇದಕ್ಕೆ ಜಾಗವೇ ಇರಲಿಲ್ಲ. ಹರಿಯಾಣದಲ್ಲಿ ಇದನ್ನು ಸರಿಮಾಡಿದರು. 2012-13ರಲ್ಲಿ ಟೈಮ್‌ಟೇಬಲ್‌ನಲ್ಲೇ ಇದಕ್ಕೆಂದು ಒಂದು ಗಂಟೆ ಮೀಸಲಿಟ್ಟು, ತರಗತಿ ಮರೆತು ಮಟ್ಟದಂತೆ ಮಕ್ಕಳನ್ನು ಕೂರಿಸಿ, ಮೇಲ್ವಿಚಾರಕರು ಬಂದು ನೋಡುವ ಹಾಗೆ ಮಾಡಿದರು. ಓದು ಸುಧಾರಿಸಿತು.

ತರಬೇತಿ ಕೊಟ್ಟ ಕೂಡಲೇ ಕೆಲಸ ಆಯಿತು ಎಂದುಕೊಳ್ಳುವ ನಮ್ಮ ಇಲಾಖೆಗಳಿಗೆ ಇದಕ್ಕಿಂತ ಉಪಯೋಗದ ಪಾಠ ಬೇರೆ ಬೇಕಾ? ಎಡವಿದ್ದನ್ನು ಅಳೆಯದೆ ಬಿಟ್ಟಿದ್ದರೆ ಹರಿಯಾಣದ ಆ ಒಂದು ಗಂಟೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಇದೆಲ್ಲ ಟೀಚರ್‌ಗಳ ಮೇಲೆ ತಪ್ಪು ಹೊರಿಸಲಿಕ್ಕಾ?

ಅಲ್ಲ. ಉದಯಪುರದ ಹಳ್ಳಿಗಳಲ್ಲಿ ಶಿಕ್ಷಕರ ಗೈರುಹಾಜರಿ ದೊಡ್ಡ ಸಮಸ್ಯೆಯಾಗಿತ್ತು. ಕ್ಯಾಮೆರಾದಲ್ಲಿ ದಿನಾಂಕ ಬೀಳುವ ಫೋಟೋ ತೆಗೆದು ಅದಕ್ಕೆ ಸಂಬಳ ಜೋಡಿಸಿದಾಗ ಗೈರು ಶೇ. 42ರಿಂದ 21ಕ್ಕೆ ಇಳಿಯಿತು. ಅದನ್ನು ಹಾಗೇ ಇಲ್ಲಿಗೆ ತರುವುದು ಮೂರ್ಖತನ. ನಮ್ಮಲ್ಲಿ ಕೇಳಿಬರುವ ದೂರೇ ಬೇರೆ: ಹುದ್ದೆ ಖಾಲಿ ಇರುವುದು, ಕನ್ನಡ ಬಾರದವರನ್ನು ಕನ್ನಡ ಮಾಧ್ಯಮಕ್ಕೆ ಹಾಕುವುದು. ಬೇರೆ ಊರಿನ ಉತ್ತರ ತರುವ ಮೊದಲು ಪ್ರಶ್ನೆ ಒಂದೇನಾ ಅಂತ ನೋಡಬೇಕು.

ಇಂಥ ಸಮೀಕ್ಷೆಗಳಲ್ಲಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಎಲ್ಲಿದ್ದಾರೆ?

ಸರಾಸರಿಯ ಒಳಗೆ ಇದ್ದಾರೆ. ಹೊರಗಿನಿಂದ ಕಾಣುವುದಿಲ್ಲ.

ಲೆಕ್ಕ ಹಾಕಿ ನೋಡಿ. ಅಸರ್ ಸಮೀಕ್ಷೆಯಲ್ಲಿ ಒಂದು ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಒಟ್ಟು 600 ಮನೆ. ಕಾಸರಗೋಡು ಜಿಲ್ಲೆ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಉದ್ದಕ್ಕೆ ಚಾಚಿದೆ. ದಕ್ಷಿಣದ ಹೊಸದುರ್ಗ, ನೀಲೇಶ್ವರದ ಕಡೆ ಮಲಯಾಳವೇ. ಆ 600 ಮನೆಗಳಲ್ಲಿ ಎಣ್ಮಕಜೆ, ಪೈವಳಿಕೆ, ಬೆಳ್ಳೂರು ಕಡೆಯ ಕನ್ನಡ ಮಾಧ್ಯಮದ ಐದನೇ ತರಗತಿ ಮಕ್ಕಳು ಎಷ್ಟು ಸಿಕ್ಕಾರು? ಬೆರಳೆಣಿಕೆ. ಅಷ್ಟರಿಂದ ಏನೂ ಹೇಳಲು ಬರುವುದಿಲ್ಲ. ಇದು ಸಮೀಕ್ಷೆಯ ದೋಷ ಅಲ್ಲ, ಅದನ್ನು ಮಾಡಿದ್ದು ಜಿಲ್ಲೆಯ, ರಾಜ್ಯದ ಚಿತ್ರಕ್ಕೆ. ನವೆಂಬರ್ 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆಯೂ ಹಾಗೇ, ಜಿಲ್ಲೆಯ ಚಿತ್ರ ಕೊಡುತ್ತದೆ.

ಫಲ ಏನೆಂದರೆ, ಕೇರಳ ಮುಂದಿದೆ ಎಂದಾಗ ನಾವೂ ಮುಂದಿದ್ದೇವೆ ಎಂದು ಲೆಕ್ಕ. ಇರಲೂಬಹುದು! ಆದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈ ಗಡಿಯಲ್ಲಿ ಕನ್ನಡದಲ್ಲಿ ಕಲಿಯುತ್ತಿರುವ ಮಕ್ಕಳ ಬಗ್ಗೆ ನಾವು ಆಡುವ ಮಾತು, ಕೊಡುವ ಮನವಿ, ಮಾಡುವ ಧರಣಿ ಎಲ್ಲ ಹೆಚ್ಚಾಗಿ ಅನುಭವದ ಮೇಲೆ ನಿಂತಿವೆ. ಎ.ಇ.ಒ. (ಉಪಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಅನುಭವ ಹೇಳಿದರೆ ‘ನೋಡೋಣ’ ಎನ್ನುತ್ತಾರೆ. ಹತ್ತಾರು ಶಾಲೆಗಳ ಮಕ್ಕಳ ಓದಿನ ಮಟ್ಟ, ಕನ್ನಡ ಬಲ್ಲ ಟೀಚರ್ ಇದ್ದ ತರಗತಿ ಮತ್ತು ಇಲ್ಲದ ತರಗತಿ, ಒಂದೇ ರೀತಿ ಅಳೆದ ಕಾಗದ ಇಟ್ಟರೆ ಅಷ್ಟು ಸುಲಭದಲ್ಲಿ ಸಾಗಹಾಕಲಾಗದು.

ಓದು ಅಳೆಯುವುದು ಹೇಗೆ? ಪರೀಕ್ಷೆ ಮಾಡುತ್ತೇವಲ್ಲ?

ಲಿಖಿತ ಪರೀಕ್ಷೆ ಬೇರೆ. ಅಸರ್‌ನ ಓದಿನ ಹಾಳೆ ತುಂಬ ಸರಳ, ಯಾರೂ ಕಲಿಯಬಹುದು. ಒಂದು ಹಾಳೆಯಲ್ಲಿ ಅಕ್ಷರಗಳು, ಸರಳ ಪದಗಳು, ಒಂದನೇ ತರಗತಿ ಮಟ್ಟದ ಚಿಕ್ಕ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಮೊದಲು ಪ್ಯಾರಾ ಓದಿಸುವುದು. ಸಲೀಸಾಗಿ ಓದಿದರೆ ಕಥೆಗೆ ಹೋಗಬೇಕು. ತಡವರಿಸಿದರೆ ಪದಗಳಿಗೆ ಇಳಿಯಬೇಕು. ಐದು ಪದಗಳಲ್ಲಿ ನಾಲ್ಕಾದರೂ ಓದಿದರೆ ಪದದ ಮಟ್ಟ, ಇಲ್ಲದಿದ್ದರೆ ಅಕ್ಷರ. ಒಂದು ಮಗುವಿಗೆ ಕೆಲವೇ ನಿಮಿಷ.

ಕಷ್ಟ ಇರುವುದು ಓದಿಸುವವರ ಕಡೆ. ಮಗು ‘ಅ...ಜ್ಜಿ...ಯ’ ಎಂದು ಸಿಕ್ಕಿಕೊಂಡಾಗ ನಮ್ಮ ಬಾಯಿ ತಾನಾಗಿ ‘ಅಜ್ಜಿಯ ಮನೆ’ ಎಂದುಬಿಡುತ್ತದೆ. ಅಮ್ಮ ಕಿಟಕಿಯಿಂದ ಇಣುಕಿ ‘ನಿನ್ನೆ ಓದಿದ್ದಿಯಲ್ಲ ಮಗಾ’ ಎನ್ನುತ್ತಾರೆ. ಅಲ್ಲಿಗೆ ಆ ಮಗುವಿನ ಲೆಕ್ಕ ಕೆಟ್ಟಿತು. ಆದ್ದರಿಂದ ಸ್ವಂತ ತರಗತಿಯ ಟೀಚರ್ ಓದಿಸಬಾರದು. ಪಕ್ಕದ ಶಾಲೆಯವರು ಬಂದು ಓದಿಸಲಿ, ಇವರು ಅಲ್ಲಿಗೆ ಹೋಗಲಿ.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಕಥೆ ಓದಿ ಮುಗಿಸಿದ ಹುಡುಗಿಗೆ ‘ಅಜ್ಜಿ ಏನು ತಂದರು?’ ಎಂದು ಕೇಳುತ್ತೀರಿ. ಸರಿಯಾದ ಉತ್ತರ ತುಳುವಿನಲ್ಲಿ ಬರುತ್ತದೆ. ಸರಿಯಾ, ತಪ್ಪಾ? ಒಬ್ಬ ಟೀಚರ್ ಸರಿ ಹಾಕುತ್ತಾರೆ, ಇನ್ನೊಬ್ಬರು ‘ಕನ್ನಡದಲ್ಲಿ ಹೇಳು’ ಎಂದು ಗದರಿಸಿ ತಪ್ಪು ಹಾಕುತ್ತಾರೆ. ಎರಡು ಶಾಲೆಗಳ ವ್ಯತ್ಯಾಸ ಎಂದು ನಾವು ಅಂದುಕೊಂಡದ್ದು ಇಬ್ಬರು ಟೀಚರುಗಳ ಸ್ವಭಾವದ ವ್ಯತ್ಯಾಸ ಆಗಿಬಿಡುತ್ತದೆ. ಶುರುವಿಗೆ ಮೊದಲೇ ತೀರ್ಮಾನಿಸಿ, ಬರೆದಿಡಿ. ನನ್ನ ಪ್ರಕಾರ ಅರ್ಥವಾಯಿತಾ ಎಂದು ನೋಡುವುದಾದರೆ ಯಾವ ಭಾಷೆಯ ಉತ್ತರವೂ ಸರಿ. ಕನ್ನಡ ಮಾತಾಡಲು ಬರುತ್ತದಾ ಎಂಬುದನ್ನು ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳಿ. ಮನೆಮಾತು ಯಾವುದು ಎಂಬುದಕ್ಕೂ ಒಂದು ಕಾಲಂ ಇರಲಿ. ಮುಂದೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಬಹುಶಃ ಅದೇ.

ನಮ್ಮ ಐದನೇ ತರಗತಿಯಲ್ಲಿ ಇರುವುದೇ ಒಂಬತ್ತು ಮಕ್ಕಳು. ಅದರಲ್ಲಿ ಎಂತ ಸಂಶೋಧನೆ ಮಾರ್ರೆ?

ಒಂಬತ್ತರಲ್ಲಿ ಒಂದು ಮಗು ಆ ದಿನ ಜ್ವರದಲ್ಲಿ ತಡವರಿಸಿದರೆ ನಿಮ್ಮ ಶೇಕಡಾವಾರು 11 ಅಂಕ ಅಲ್ಲಾಡುತ್ತದೆ. ಆದ್ದರಿಂದ ಒಂದು ಶಾಲೆಯಲ್ಲಿ ಶೇಕಡಾವಾರು ಬರೆಯಲೇ ಬೇಡಿ. ‘ಒಂಬತ್ತರಲ್ಲಿ ಐವರು ಕಥೆ ಓದಿದರು’ ಎಂದಷ್ಟೇ ಬರೆಯಿರಿ. ಉಳಿದ ನಾಲ್ವರ ಹೆಸರು ನಿಮಗೆ ಗೊತ್ತಿದೆ, ಅವರ ಜೊತೆ ನಾಳೆಯೇ ಕೂರಬಹುದು.

ಯಾವ ವಿಧಾನ ಒಳ್ಳೆಯದು ಎಂದು ಹೇಳಬೇಕಾದರೆ ಅಕ್ಕಪಕ್ಕದ ಶಾಲೆಗಳು ಸೇರಬೇಕು. ಎಷ್ಟು ಮಕ್ಕಳು ಎಂಬುದಕ್ಕಿಂತ ಎಷ್ಟು ಶಾಲೆಗಳು ಎಂಬುದು ಇಲ್ಲಿ ಮುಖ್ಯ. ಯಾಕೆಂದರೆ ಒಂದೇ ಶಾಲೆಯ ಮಕ್ಕಳು ಒಂದೇ ಟೀಚರ್ ಕೈಯಲ್ಲಿ ಕಲಿತವರು. ಎಂಟು ಶಾಲೆ ಸೇರಿಸಿದರೂ ಅದರಿಂದ ಇಡೀ ಕೇರಳಕ್ಕೆ ನಿಯಮ ಮಾಡಲಾಗದು. ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಮುಂದಿನ ವರ್ಷದ ತೀರ್ಮಾನಕ್ಕೆ ಅದು ಈಗಿರುವುದಕ್ಕಿಂತ ಎಷ್ಟೋ ವಾಸಿ.

ಮಟ್ಟ ಕಡಿಮೆ ಬಂದು ಊರಿಗೆ ಗೊತ್ತಾದರೆ ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರಲ್ಲ?

ಈ ಹೆದರಿಕೆ ಸುಳ್ಳಲ್ಲ. ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನದ ತಲೆಎಣಿಕೆಯ ಮೇಲೆ ಡಿವಿಷನ್ (ತರಗತಿಯ ವಿಭಾಗ) ಉಳಿಯುತ್ತದೆ, ಹುದ್ದೆ ಉಳಿಯುತ್ತದೆ. ನಾಲ್ಕು ಮಕ್ಕಳು ಆಂಗ್ಲ ಮಾಧ್ಯಮದ ವ್ಯಾನು ಹತ್ತಿದರೆ ಒಬ್ಬ ಟೀಚರ್ ಹೋಗಬೇಕಾದೀತು. ಆದ್ದರಿಂದ ಶಾಲೆಯ ಹೆಸರು ಹಾಕಿ ಪಟ್ಟಿ ಹೊರಗೆ ಬಿಡಬೇಡಿ. ವಾಟ್ಸಾಪ್ ಗುಂಪಿಗೆ ಅಂತೂ ಬೇಡವೇ ಬೇಡ. ಅಪ್ಪ ಅಮ್ಮನಿಗೆ ಅವರ ಮಗುವಿನ ಮಟ್ಟ ಮಾತ್ರ ಹೇಳಿ. ಕ್ಲಸ್ಟರಿಗೆ ಒಟ್ಟು ಲೆಕ್ಕ ಕೊಡಿ.

ಯಾರಾದರೂ ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಆ್ಯಪ್ ಮಾರಲು ಬಂದರೆ?

ಹೋಲಿಕೆಗೆ ಯಾರಿದ್ದರು, ಮಕ್ಕಳನ್ನು ಓದಿಸಿದವರು ಯಾರು, ನಡುವೆ ಬಿಟ್ಟುಹೋದ ಮಕ್ಕಳನ್ನು ಲೆಕ್ಕಕ್ಕೆ ಸೇರಿಸಿದ್ದಾರಾ ಎಂದು ಕೇಳಿ. ಉತ್ತರ ಇಲ್ಲದಿದ್ದರೆ ಚಹಾ ಕೊಟ್ಟು ಕಳುಹಿಸಿ.

ನಾವು ಶುರು ಮಾಡಬೇಕಾದರೆ ಯಾವಾಗ, ಹೇಗೆ?

ಜೂನ್ ಬೇಡ. ಪ್ರವೇಶೋತ್ಸವ, ತಲೆಎಣಿಕೆ, ಮಳೆ ರಜೆ ಎಂದು ಕಳೆಯುತ್ತದೆ. ಜುಲೈಯಲ್ಲಿ ಒಮ್ಮೆ 3ರಿಂದ 5ನೇ ತರಗತಿಯ ಎಲ್ಲ ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸಿ. ಚೀಟಿ ಎತ್ತಿ ಅರ್ಧ ಶಾಲೆಗಳಲ್ಲಿ ಓಣಂ ರಜೆಗೆ ಮೊದಲೇ ಮಟ್ಟದಂತೆ ಕೂರಿಸುವ ಒಂದು ಪೀರಿಯಡ್ ಶುರುವಾಗಲಿ. ಕ್ರಿಸ್ಮಸ್ ಪರೀಕ್ಷೆಗೆ ಮೊದಲು ಎಲ್ಲ ಶಾಲೆಗಳಲ್ಲೂ ಮತ್ತೆ ಓದಿಸಿ, ಬೇರೆ ಕಥೆ, ಅದೇ ಮಟ್ಟ. ಜನವರಿಯಿಂದ ಉಳಿದ ಅರ್ಧಕ್ಕೂ ಆ ಪೀರಿಯಡ್ ಕೊಡಿ. ಓದಿಸುವ ದಿನ ಬಾರದ ಮಕ್ಕಳ ಮನೆಗೆ ಹೋಗಿ ಓದಿಸಿ, ಬಿಡಬೇಡಿ. ಹೆಚ್ಚಾಗಿ ಗೈರಾಗುವವರೇ ಹಿಂದೆ ಬಿದ್ದವರು. ಅವರನ್ನು ಬಿಟ್ಟರೆ ಲೆಕ್ಕ ಚಂದ ಕಾಣುತ್ತದೆ, ಅಷ್ಟೆ.

ಕಥೆಗಳ ಮಟ್ಟ ಸರಿಯಿದೆಯಾ ಎಂದು ನೋಡಲು ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ, ಅಂದರೆ ಡಯಟ್‌ನವರನ್ನು ಕೇಳಿ. ಸಂಶೋಧನೆ ಡಯಟ್‌ಗಳ ಕೆಲಸದಲ್ಲೇ ಸೇರಿದೆ, ಮುಜುಗರ ಬೇಡ. ಹಾಳೆಗಳನ್ನು ಹೆಡ್ಮಾಷ್ಟ್ರ ಮನೆಗೆ ಒಯ್ಯಬಾರದು, ಶಾಲೆಯ ಕಪಾಟಿನಲ್ಲೇ ಇರಲಿ. ಅವರಿಗೆ ವರ್ಗವಾದರೆ ಚಾರ್ಜ್ ಪಟ್ಟಿಯಲ್ಲಿ ಈ ಫೈಲನ್ನೂ ಬರೆಸಿಕೊಳ್ಳಿ.